ಕಾರ್ಡಿನಲ್ಲಿ ಇಲ್ಲದ ವಚನಗಳು

ಪ್ರೀತಿಯ ಮಗಳೇ,

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ನಿನ್ನ ಮುಖದಲ್ಲಿ ಮೊದಲಿನ ಕಳೆ ಕಾಣುತ್ತಿಲ್ಲ. ಅಪ್ಪ ಪಿಸಿಎಂಬಿ ಅನ್ನುತ್ತಾರೆ, ನಿನ್ನ ಮನಸ್ಸು ಕಾಮರ್ಸ್ ಕಡೆ. "ದೇವರ ಚಿತ್ತ ಯಾವುದು ಅಂತಲೇ ಗೊತ್ತಾಗುತ್ತಿಲ್ಲ ಅಂಕಲ್, ತಪ್ಪು ಆರಿಸಿಬಿಟ್ಟರೆ?" ಎಂದು ಭಾನುವಾರ ಆರಾಧನೆ ಮುಗಿದ ಮೇಲೆ ಕೇಳಿದೆ. ಗೇಟಿನ ಹತ್ತಿರ ನಿಂತು ಮುಗಿಸುವ ಮಾತಲ್ಲ ಅದು. ಅದಕ್ಕೇ ಈ ಕಾಗದ. ನಿನ್ನ ಓರಗೆಯವರೂ ಓದಲಿ.

ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ನಿನಗೆ ಸಿಕ್ಕಿದ ವಾಗ್ದಾನದ ಕಾರ್ಡನ್ನು ಹಾಲ್ ಟಿಕೆಟ್ ಜೊತೆ ಪೌಚಿನಲ್ಲಿ ಇಟ್ಟುಕೊಂಡಿದ್ದೆ. ಯೆರೆಮೀಯ 29:11: ನಿಮ್ಮ ವಿಷಯದಲ್ಲಿ ನನ್ನ ಆಲೋಚನೆಗಳು ಅಹಿತದವಲ್ಲ, ಹಿತದವೇ ಎಂದು ದೇವರು ಹೇಳುವ ಮಾತು. ನಮ್ಮವರ ಮನೆಯ ಕ್ಯಾಲೆಂಡರುಗಳಿಗೂ ಬಲು ಪ್ರಿಯವಾದ ವಚನ. ಆದರೆ ಕಾರ್ಡಿನಲ್ಲಿ ಹಿಡಿಸುವುದು ಒಂದೇ ವಚನ. ಆ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡು.

ಅದೂ ಒಂದು ಕಾಗದವೇ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದದ್ದು. ಅವರಲ್ಲಿ ಅರಮನೆಯವರಿದ್ದರು, ಕುಶಲಕರ್ಮಿಗಳಿದ್ದರು, ಕಮ್ಮಾರರಿದ್ದರು. ಊರು ಹೋಗಿತ್ತು, ದೇವಾಲಯ ದೂರವಾಗಿತ್ತು; ಮುಂದೇನು ಎಂಬುದು ಅವರ ಪ್ರಶ್ನೆಯೂ ಆಗಿತ್ತು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬವನು ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲೇ ಸಾರುತ್ತಾನೆ. ಯೆರೆಮೀಯ ಬರೆದದ್ದು 70 ವರ್ಷ ಎಂದು. ಕಾಗದ ಓದಿದ ಬಹುತೇಕರು ಊರಿಗೆ ಮರಳುವ ದಿನ ಕಾಣದೆ ಹೋಗುವವರೇ. ಅಲ್ಲಿಯ ತನಕ ಏನು ಮಾಡಬೇಕು? ಮನೆ ಕಟ್ಟಿಕೊಳ್ಳಬೇಕು, ತೋಟ ಮಾಡಿ ಅದರ ಫಲ ತಿನ್ನಬೇಕು, ಮಕ್ಕಳ ಮದುವೆ ಮಾಡಬೇಕು, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕು. ಸೆರೆ ಹಿಡಿದವರ ಪಟ್ಟಣಕ್ಕೆ! ಇಷ್ಟೆಲ್ಲ ಹೇಳಿದ ಮೇಲೆ ಬರುತ್ತದೆ ನಿನ್ನ 11ನೇ ವಚನ. ಯಾರು ಯಾವ ಕೆಲಸ ಹಿಡಿಯಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ.

ನಾವು ದೇವರ ಚಿತ್ತವನ್ನು ಸಿಇಟಿ ಪ್ರಶ್ನೆಪತ್ರಿಕೆಯ ಹಾಗೆ ಮಾಡಿಟ್ಟಿದ್ದೇವೆ: ನಾಲ್ಕರಲ್ಲಿ ಒಂದೇ ಸರಿ, ಉಳಿದದ್ದೆಲ್ಲ ತಪ್ಪು. ಇದರಲ್ಲಿ ದೊಡ್ಡವರ ಪಾಲೇ ಹೆಚ್ಚು. ಪೌಲ ಬಿಥೂನ್ಯಕ್ಕೆ ಹೋಗಲು ನೋಡಿದ, ತಡೆಯಾಯಿತು. ಕೊನೆಗೆ ತ್ರೋವದಲ್ಲಿ ರಾತ್ರಿ ದರ್ಶನವಾಗಿ ಫಿಲಿಪ್ಪಿಗೆ ಹೋದ. ಬಿಥೂನ್ಯಕ್ಕೆ ಹೊರಟದ್ದು ಪಾಪ ಎಂದು ಅಪೊಸ್ತಲರ ಕೃತ್ಯಗಳಲ್ಲಿ ಯಾರೂ ಬರೆದಿಲ್ಲ.

ನಮ್ಮವರೇ ಆಗಿಹೋದ ಕಿಟೆಲರನ್ನು ನೋಡು. 1853ರಲ್ಲಿ ಬಾಸೆಲ್ ಮಿಶನ್ ಕಳಿಸಿದಾಗ ವಯಸ್ಸು 21. ಬಂದದ್ದು ಸುವಾರ್ತೆ ಸಾರಲು. ನಡುವೆ ಜರ್ಮನಿಗೆ ಹಿಂದಿರುಗಿ ಮತ್ತೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಪದಗಳ ನಿಘಂಟು ಪ್ರಕಟವಾದಾಗ ಅವರಿಗೆ 62. ಹಡಗು ಹತ್ತಿದ ಹುಡುಗನ ಹತ್ತಿರ ಆ ನಿಘಂಟಿನ ಯೋಜನೆ ಇತ್ತೆಂದು ನನಗನ್ನಿಸುವುದಿಲ್ಲ.

ಈಗ ನಿನ್ನ ವಿಷಯ. ಸೈನ್ಸ್ ಮಾಡಿದವರು ಬೇಕೆಂದರೆ ಬಿಕಾಂಗೆ ಬರಬಹುದು, ಕಾಮರ್ಸ್ ಮಾತ್ರ ಓದಿದವರು ನೀಟ್ ಬರೆಯಲಾಗದು. ಅಪ್ಪನ ಮಾತಿನಲ್ಲಿ ಅಷ್ಟು ಹುರುಳಿದೆ, ಸಿಟ್ಟಾಗದೆ ಕೇಳಿಸಿಕೋ. ಹಾಗೆಂದು ಬೇಡದ ಬಯಾಲಜಿಯೊಡನೆ ಎರಡು ವರ್ಷ ಗುದ್ದಾಡುವುದೂ ಸುಲಭವಲ್ಲ. ಅದನ್ನು ನೀನೂ ಅಪ್ಪನ ಮುಂದೆ ಬಾಯಿಬಿಟ್ಟು ಹೇಳಬೇಕು, ಅಮ್ಮನ ಮೂಲಕ ಹೇಳಿಸುವುದಲ್ಲ. "ನೀನು ಡಾಕ್ಟರಾಗುತ್ತೀ ಅಂತ ದೇವರು ನನಗೆ ತೋರಿಸಿದರು" ಎಂದು ಯಾರಾದರೂ ತಲೆಯ ಮೇಲೆ ಕೈ ಇಟ್ಟರೆ ನಮಸ್ಕಾರ ಹೇಳಿ ಹನನ್ಯನನ್ನು ಜ್ಞಾಪಿಸಿಕೋ.

ನಮ್ಮ ಸಭೆಯ ಖಜಾಂಚಿಯವರಿಗೆ ಹೇಳಿಟ್ಟಿದ್ದೇನೆ. ಶನಿವಾರ ಮಧ್ಯಾಹ್ನ ಅವರ ಜೊತೆ ಕೂತು ಕಾಣಿಕೆಯ ರಸೀದಿ, ವೋಚರು, ಬ್ಯಾಂಕಿನ ಪಾಸ್‌ಬುಕ್ ತಾಳೆ ಹಾಕಿ ನೋಡು. ಹತ್ತು ರೂಪಾಯಿ ಕೂಡಿಬರದಿದ್ದರೆ ಹುಡುಕುವ ಹಟ ಬರುತ್ತದೋ, ಆಕಳಿಕೆ ಬರುತ್ತದೋ ಗಮನಿಸಿಕೋ. ಅರ್ಜಿ ಕೊಡುವುದು ಆಮೇಲೆ.

ಇತಿ,
ನಿನ್ನ ಸಂಡೇ ಸ್ಕೂಲ್ ಅಂಕಲ್