ಸಂಸ್ಥೆಯ ಹೆಸರು, ಮಾತಿನ ಆಧಾರ

ಸಂಸ್ಥೆಯೊಂದರ ಹೆಸರು ಗಂಭೀರವಾಗಿದ್ದರೆ ಅದರ ಮಾತನ್ನು ವಿದ್ಯಾರ್ಥಿಗಳು ಒಡನೆಯೇ ನಂಬಿಬಿಡುವುದುಂಟು. 1989ರಲ್ಲಿ ಅಮೆರಿಕದಲ್ಲಿ ‘ಗ್ಲೋಬಲ್ ಕ್ಲೈಮೇಟ್ ಕೊಯಲಿಷನ್’ ಎಂಬ ಕೂಟವು ಹುಟ್ಟಿತು. ಹೆಸರನ್ನು ಕೇಳಿದವರು ಇದು ವಾಯುಗುಣವನ್ನು ಅಭ್ಯಸಿಸುವ ಪಂಡಿತಮಂಡಲಿಯೆಂದು ಭಾವಿಸಿಯಾರು. ವಾಸ್ತವವಾಗಿ ಅದನ್ನು ಪೋಷಿಸಿದವರು ಎಣ್ಣೆ, ಕಲ್ಲಿದ್ದಲು, ಮೋಟಾರು ಉದ್ಯಮಗಳವರು. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಿಂದ ಭೂಮಿ ಬಿಸಿಯಾಗುವುದೆಂಬುದು ಸಂದೇಹಾಸ್ಪದವೆಂದು ಅದು ಪ್ರಚಾರ ಮಾಡುತ್ತಿತ್ತು.

ಹಣ ಕೊಟ್ಟವರು ಯಾರೆಂದು ತಿಳಿದೊಡನೆ ಮಾತು ಸುಳ್ಳೆಂದು ತೀರ್ಮಾನಿಸಬಹುದೆ? ಕೂಡದು; ಅದು ತರ್ಕವಲ್ಲ, ಬರಿಯ ಜಗಳ. ಪರಿಸರವನ್ನು ಉಳಿಸಹೊರಟ ಸಂಘಗಳವರೂ ತಮಗೊಪ್ಪುವ ಅಂಕಿಗಳನ್ನೇ ಆರಿಸಿಕೊಂಡಾರು. ಯಾರೇ ಹೇಳಲಿ, ಮಾತಿನ ಹಿಂದಿರುವ ಅಳತೆ ಯಾವುದೆಂದು ಕೇಳಬೇಕು. ಈ ಅನಿಲವು ಉಷ್ಣಕಿರಣಗಳನ್ನು ಹೀರುವುದೆಂಬುದನ್ನು ಜಾನ್ ಟಿಂಡಲ್ 1859ರಲ್ಲಿಯೇ ಪ್ರಯೋಗದಿಂದ ಕಂಡಿದ್ದನು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅದರ ಪ್ರಮಾಣವನ್ನು ಅಳೆಯತೊಡಗಿದನು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಆಗ ಸುಮಾರು 315 ಭಾಗವಿದ್ದುದು 2023ರಲ್ಲಿ 421ಕ್ಕೆ ಏರಿತ್ತು. ಈ ಅಳತೆಗಳ ಮೂಲ ವರದಿಗಳನ್ನು ನೀವೇ ಓದಬಹುದು.

ಹಾಗೆಂದು ಕೂಟದ ಬರಹಗಳನ್ನು ಬಿಸಾಡಬೇಕಾಗಿಲ್ಲ. ಆ ಉದ್ಯಮಗಳು ಜನರಿಗೆ ಏನನ್ನು ಹೇಳಬಯಸಿದವೆಂಬುದಕ್ಕೆ ಅವೇ ಮೊದಲ ಸಾಕ್ಷ್ಯ. ಏನನ್ನು ಹೇಳಬಯಸಲಿಲ್ಲವೆಂಬುದು ಮಾತ್ರ, ಕೂಟವು ವಿಸರ್ಜನೆಯಾಗಿ ವರ್ಷಗಳು ಕಳೆದ ಮೇಲೆ, 2009ರಲ್ಲಿ ಪತ್ರಿಕೆಗಳಲ್ಲಿ ಬೆಳಕಿಗೆ ಬಂದಿತು. ಹಸಿರುಮನೆ ಪರಿಣಾಮದ ವೈಜ್ಞಾನಿಕ ಆಧಾರವನ್ನು ಅಲ್ಲಗಳೆಯಲಾಗದೆಂದು ಕೂಟದ ಸ್ವಂತ ತಜ್ಞರೇ 1995ರ ಕರಡಿನಲ್ಲಿ ಬರೆದಿದ್ದರು! ಎದುರುವಾದಗಳಲ್ಲಿ ಹುರುಳಿಲ್ಲವೆಂದು ತೋರಿಸಿದ್ದ ಭಾಗವನ್ನು ಕೈಬಿಡುವಂತೆ ಕೂಟದ ಕಾರ್ಯಸಮಿತಿಯು ಅವರಿಗೆ ಸೂಚಿಸಿತ್ತು.