ಏಜೆಂಟ್ ಹೇಳಿದ ಬಾಡಿಗೆ ತಾಯಿ, ನಾದಿನಿಯ ಒಪ್ಪಿಗೆ
ಬೇಡಮ್ಮಾ, ಆ ಏಜೆಂಟನಿಗೆ ಮುಂಗಡ ಕೊಡಬೇಡಿ. 2021ರ ಬಾಡಿಗೆ ತಾಯ್ತನ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ಗರ್ಭ ಹೊರಿಸುವುದು ಅಪರಾಧ; ಮಗು ಬಯಸಿದ ದಂಪತಿಗೂ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ‘ಬಾಂಡ್ ಪೇಪರ್ ಮೇಲೆ ಬರೆಸಿಕೊಂಡರೆ ಆಯಿತು’ ಎಂದನಂತೆ. ಆ ಕಾಗದ ನಿಮ್ಮ ವಿರುದ್ಧವೇ ಸಾಕ್ಷಿಯಾದೀತು!

ನಾದಿನಿ ಒಪ್ಪಿದ್ದಾಳೆ ಎಂದಿದ್ದೀರಿ. ಮದುವೆಯಾಗಿ ಸ್ವಂತ ಮಗುವಿದ್ದು, ವಯಸ್ಸು 25ರಿಂದ 35ರೊಳಗಿದ್ದರೆ, ನಿಮ್ಮ ವೈದ್ಯಕೀಯ ಕಾರಣವನ್ನು ಜಿಲ್ಲಾ ವೈದ್ಯಕೀಯ ಮಂಡಳಿ ಒಪ್ಪಿದರೆ ದಾರಿಯಿದೆ. ಆಸ್ಪತ್ರೆ ಖರ್ಚು, 36 ತಿಂಗಳ ವಿಮೆ ನಿಮ್ಮ ಹೊಣೆ. ನನ್ನ ಕಸಿವಿಸಿ ಬೇರೆ: ಒಪ್ಪಿದವಳು ಅವಳೋ, ನಿಮ್ಮ ಅತ್ತೆಯೋ? ಮನೆಯೊಳಗಿನ ಒತ್ತಾಯ ಯಾವ ಅರ್ಜಿಯಲ್ಲೂ ಕಾಣುವುದಿಲ್ಲ. ನೀವಿಲ್ಲದಾಗ ಆಕೆ ವೈದ್ಯರ ಜೊತೆ ಒಬ್ಬಳೇ ಮಾತಾಡಲಿ. ಭ್ರೂಣವನ್ನು ಗರ್ಭದಲ್ಲಿ ಇಡುವ ಮುನ್ನ ಒಲ್ಲೆ ಎನ್ನುವ ಹಕ್ಕು ಅವಳಿಗೆ ಕಾನೂನಿನಲ್ಲೇ ಇದೆ. ಅದನ್ನು ನೀವೇ ಮೊದಲು ತಿಳಿಸಿ.