ಮರಳೊಳಗೆ ನಕ್ಷತ್ರಮೀನು, ಮೇಲೆ ಹವಳ

ಹವಳದ ತೊಟ್ಟಿಗೆಂದು ಅಂಗಡಿಗಳಲ್ಲಿ ಸಿಗುವ ಮರಳು ನಕ್ಷತ್ರಮೀನು ಹೆಚ್ಚಾಗಿ ಆಸ್ಟ್ರೋಪೆಕ್ಟೆನ್ ಕುಲದ್ದು. ಬೂದು ಇಲ್ಲವೇ ಕಂದು ಬಣ್ಣ, ಐದು ತೋಳು, ತೋಳಿನ ಅಂಚಿಗೆ ಬಾಚಣಿಗೆಯ ಹಲ್ಲಿನಂತೆ ಸಾಲುಗಟ್ಟಿದ ಮುಳ್ಳು. ಬಂಡೆ ಹತ್ತುವ ನಕ್ಷತ್ರಮೀನುಗಳ ಕೊಳವೆಗಾಲಿನ ತುದಿಯಲ್ಲಿ ಹೀರುಬಟ್ಟಲಿರುತ್ತದೆ. ಇದರ ಕಾಲುಗಳು ಚೂಪು, ಮರಳು ಅಗೆಯುವುದಕ್ಕೆಂದೇ ಹೇಳಿಮಾಡಿಸಿದಂಥವು. ಮರಳಿನ ಮೇಲೆ ಬಿಟ್ಟರೆ ನೋಡನೋಡುತ್ತಲೇ ಇದ್ದಲ್ಲೇ ಇಳಿದು ಮರೆಯಾಗುತ್ತದೆ. ಮೇಲೆ ಉಳಿಯುವುದು ನಕ್ಷತ್ರದಾಕಾರದ ಒಂದು ಗುರುತು ಮಾತ್ರ.

ಇದು ಮರಳನ್ನು ಶುಚಿಮಾಡುತ್ತದೆ ಎಂಬ ಮಾತು ಹವ್ಯಾಸಿಗಳಲ್ಲಿ ಬೇರೂರಿದೆ. ಮರಳು ಕದಡುವುದು ನಿಜ, ಆದರೆ ಅದು ಬೇಟೆಗಾಗಿ. ಚಿಕ್ಕ ಬಸವನಹುಳು, ಕಪ್ಪೆಚಿಪ್ಪಿನ ಮರಿ, ಹುಳುಗಳು, ಸಣ್ಣ ಕಠಿಣಚರ್ಮಿಗಳು ಇದರ ಆಹಾರ. ಎಲ್ಲವನ್ನೂ ಇಡಿಯಾಗಿ ನುಂಗುತ್ತದೆ. ಗುದದ್ವಾರವಿಲ್ಲದ್ದರಿಂದ ಖಾಲಿ ಚಿಪ್ಪನ್ನು ಬಾಯಿಂದಲೇ ಹೊರಹಾಕುತ್ತದೆ. ಹವಳದ ತಂಟೆಗೆ ಹೋಗುವುದಿಲ್ಲ. ಮೈಮೇಲೆ ಕಪ್ಪು ಗುಬುಟುಗಳಿರುವ ಪ್ರೊಟೋರಿಯಾಸ್ಟರ್ ನೋಡೋಸಸ್ ಹಾಗಲ್ಲ. ಅದು ಹೊಟ್ಟೆಯನ್ನೇ ಹೊರಚಾಚಿ ಹವಳವನ್ನು ಇದ್ದಲ್ಲೇ ಜೀರ್ಣಿಸಿಕೊಳ್ಳುತ್ತದೆ. ಕೊಳ್ಳುವಾಗ ಇವೆರಡರ ವ್ಯತ್ಯಾಸ ತಿಳಿದಿರಲೇಬೇಕು.

ಇಲ್ಲಿನ ಅನುಭವ 200 ಲೀಟರಿನ ಒಂದು ಮನೆಯ ತೊಟ್ಟಿಯದು. ನಕ್ಷತ್ರಮೀನು ಬಂದ ನಾಲ್ಕನೇ ತಿಂಗಳಿಗೆ ಮರಳು ತೊಳೆದಿಟ್ಟಂತೆ ಬೆಳ್ಳಗಾಗಿತ್ತು, ನೋಡಿದವರೆಲ್ಲ ಮೆಚ್ಚಿದರು. ಗಾಜಿನ ಬದಿಯಲ್ಲಿ ಕಾಣುತ್ತಿದ್ದ ಹುಳುಗಳ ಬಿಲ, ರಾತ್ರಿ ಟಾರ್ಚ್ ಹಾಕಿದಾಗ ಚದುರುತ್ತಿದ್ದ ಸಣ್ಣ ಜೀವಿಗಳು ಅಷ್ಟರಲ್ಲಿ ಇಲ್ಲವಾಗಿದ್ದವು. ಅದನ್ನು ಯಾರೂ ಗಮನಿಸಲಿಲ್ಲ. ಏಳನೇ ತಿಂಗಳು ನಕ್ಷತ್ರಮೀನು ಹಾಡಹಗಲೇ ಮರಳಿನ ಮೇಲೆ ಬಿದ್ದಿತ್ತು. ಒಂದು ತೋಳಿನ ತುದಿ ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಮೆತ್ತಗಾಗಿ ಉದುರುತ್ತಿತ್ತು. ನೀರಿನ ಪರೀಕ್ಷೆಯಲ್ಲಿ ಯಾವ ದೋಷವೂ ಸಿಗಲಿಲ್ಲ. ಅದು ಸತ್ತದ್ದು ಹಸಿವಿನಿಂದ. ನಕ್ಷತ್ರಮೀನು ತಿಂಗಳುಗಟ್ಟಲೆ ಉಪವಾಸ ತಡೆದುಕೊಳ್ಳುತ್ತದೆ, ಹಾಗಾಗಿ ಕಾರಣ ಒಂದು ಕಾಲದಲ್ಲಿ, ಸಾವು ಇನ್ನೊಂದು ಕಾಲದಲ್ಲಿ. ಮರಳೊಳಗೇ ಸತ್ತು ಕೊಳೆತರೆ ಅಮೋನಿಯ ಏರಿ ಹವಳಕ್ಕೂ ಪೆಟ್ಟು ಬೀಳುತ್ತದೆ.

ಸಾಕಲೇಬೇಕೆಂದರೆ 400 ಲೀಟರಿಗೆ ಕಡಿಮೆಯಿಲ್ಲದ, ಕನಿಷ್ಠ ಒಂದು ವರ್ಷ ಹಳೆಯದಾದ ತೊಟ್ಟಿ ಬೇಕು. ನುಣ್ಣನೆಯ ಮರಳು ನಾಲ್ಕಾರು ಅಂಗುಲವಾದರೂ ಇರಬೇಕು. ಅಷ್ಟಿದ್ದರೂ ಒಂದೇ ನಕ್ಷತ್ರಮೀನು. ಸೀಗಡಿ ಇಲ್ಲವೇ ಕಪ್ಪೆಚಿಪ್ಪಿನ ಮಾಂಸದ ಚೂರನ್ನು ಉದ್ದನೆಯ ಇಕ್ಕಳದಿಂದ ಅದರ ತೋಳಿನಡಿಗೇ ತೂರಿಸಬೇಕು. ಸುಮ್ಮನೆ ಹಾಕಿದರೆ ಮೀನು, ಏಡಿಗಳ ಪಾಲಾಗುತ್ತದೆ. ಬಂಡೆಗಳನ್ನು ಮೊದಲು ತಳದ ಗಾಜಿನ ಮೇಲೆ ಜೋಡಿಸಿ ಆಮೇಲೆ ಮರಳು ಸುರಿಯುವುದು ಕ್ಷೇಮ. ಮರಳಿನ ಮೇಲೆ ಬಂಡೆ ಕೂರಿಸಿದ್ದರೆ ನಕ್ಷತ್ರಮೀನು ಅಡಿ ಕೊರೆದು ಹವಳದ ಸಮೇತ ಉರುಳಿಸೀತು. ಮರಳ ಮೇಲೇ ಕೂರುವ ಫಂಜಿಯಾದಂಥ ಹವಳದ ಮೈಮೇಲೆ ಮರಳು ಬೀಳುವುದನ್ನಂತೂ ತಪ್ಪಿಸಲಾಗದು, ಆಗಾಗ ಊದಿ ತೆಗೆಯಬೇಕಾಗುತ್ತದೆ.

ಉಪ್ಪಿನಂಶದ ಏರುಪೇರನ್ನು ಈ ಜೀವಿ ತಾಳದು. ಹೊಸದಾಗಿ ತಂದಾಗ ಡ್ರಿಪ್ ಸೆಟ್ಟಿನಿಂದ ತೊಟ್ಟಿಯ ನೀರನ್ನು ಎರಡು ಗಂಟೆ ಹನಿಹನಿಯಾಗಿ ಬೆರೆಸಬೇಕು, ಗಾಳಿಗೆ ಎತ್ತಬಾರದು. ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್. ಆವಿಯಾದ ನೀರಿಗೆ ಬದಲಾಗಿ ಉಪ್ಪಿಲ್ಲದ ಆರ್‌ಒ ನೀರನ್ನೇ ದಿನವೂ ತುಂಬಬೇಕು. ತಾಮ್ರವಿರುವ ಮೀನಿನ ಔಷಧ ಇದಕ್ಕೆ ವಿಷ, ಹವಳಕ್ಕೂ ವಿಷ.

ಮರಳು ಕದಡುವುದಷ್ಟೇ ಬೇಕಿದ್ದರೆ ನಸ್ಸೇರಿಯಸ್ ಬಸವನಹುಳುಗಳು ಆ ಕೆಲಸ ಮಾಡುತ್ತವೆ, ಉಳಿದ ಆಹಾರ ತಿಂದು ಬದುಕುತ್ತವೆ. ಚಿಕ್ಕ ತೊಟ್ಟಿಯವರು ದಯವಿಟ್ಟು ಅವನ್ನೇ ತನ್ನಿ, ನಕ್ಷತ್ರಮೀನನ್ನು ಅಂಗಡಿಯಲ್ಲೇ ಬಿಡಿ.